ಅವ್ವ ಪೂಜಿಸಿದ ಅಂಟಿನ ಲಿಂಗ

ವಾಕಿಂಗಿಗೆ ಬಂದವರಲ್ಲಿ ಇಬ್ಬರು ಆಗಲೇ ಚೆಲುವರಾಜು ಅವರ ಕಾಲು ಮುಟ್ಟಿ ನಮಸ್ಕರಿಸಿ ಹೋಗಿದ್ದಾರೆ. ಕಾವಿ ಪಂಚೆ, ಹಣೆ ತುಂಬ ವಿಭೂತಿ, ಇದಕ್ಕೆಂದೇ ಬೆಳೆಸಿದ ಗಡ್ಡ. ಇವರು ಗೂಡ್ಸ್ ಆಟೊ ಓಡಿಸುವವರೆಂದು ಯಾರಿಗೆ ತಾನೆ ಗೊತ್ತಾಗಬೇಕು? "ನಾನು ಸ್ವಾಮ್ಗೋಳಲ್ಲ ಕಣ್ರೀ, ಆಕ್ಟಿಂಗು" ಎಂದು ಮೂರನೆಯವರಿಗೆ ಅವರು ವಿವರಿಸುತ್ತಿದ್ದರೆ, ಪಕ್ಕದಲ್ಲಿ ಮಹಾಂತೇಶ್ ಟ್ರೈಪಾಡಿನ ಕಾಲಿಗೆ ಚಪ್ಪಟೆ ಕಲ್ಲು ಕೊಡುತ್ತಿದ್ದಾರೆ. ಮುರಿದ ಕಾಲಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ. ಮೇಲೆ ಕೂತಿರುವುದು ಅವರ ಮೊಬೈಲು, ಅದೇ ಕ್ಯಾಮೆರಾ.

ವಿಜಯನಗರದ ಬಡಾವಣೆಗಳು ಮುಗಿಯುವಲ್ಲಿ ಒಂದು ಸಣ್ಣ ಕೆರೆ. ಇವತ್ತು ಅಲ್ಲಿ ಮಹಾಂತೇಶ್ ಅವರ ಕಿರುಚಿತ್ರದ ಕೊನೆಯ ದೃಶ್ಯ. ದಡದ ಮೇಲೆ ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತ ವೃದ್ಧೆ ಅವರ ತಾಯಿ ಪುಟ್ಟಬಸಮ್ಮ. ಈ ದೃಶ್ಯ ತಿಂಗಳುಗಟ್ಟಲೆ ನಿಂತುಹೋಗಿದ್ದೂ ಈ ತಾಯಿಯಿಂದಲೇ, ಇವತ್ತು ನಡೆಯುತ್ತಿರುವುದೂ ಅವರಿಂದಲೇ.

ಮಹಾಂತೇಶ್ ಹೆಬ್ಬಾಳದ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಾರೆ. ಫಸ್ಟ್ ಶಿಫ್ಟ್ ಇದ್ದರೆ ಕೋಳಿ ಕೂಗುವ ಮೊದಲೇ ಬಸ್ಸಿಗೆ ನಿಲ್ಲಬೇಕು. ದಿನವಿಡೀ ಪೆಟ್ಟಿಗೆಗೆ ಟೇಪು ಸುತ್ತುವ ಕೈ, ವಾರದ ರಜೆಯಲ್ಲಿ ಮಾತ್ರ ಸಿನಿಮಾಕ್ಕೆ ಸಿಗುತ್ತದೆ. ಹುಚ್ಚು ಹತ್ತಿದ್ದು ಮಠದ ಹಾಸ್ಟೆಲಿನಲ್ಲಿ. ಶಿವರಾತ್ರಿಗೆ ಪರದೆ ಕಟ್ಟಿ ಸಿನಿಮಾ ತೋರಿಸುವಾಗ ಭಕ್ತರಿಗೆ ಎದುರಿನ ಜಾಗ, ಹಾಸ್ಟೆಲ್ ಹುಡುಗರಿಗೆ ಪರದೆಯ ಹಿಂದೆ. "ಹೀರೋಗಳೆಲ್ಲ ಎಡಗೈಲೇ ಊಟ ಮಾಡ್ತಾರೆ ಅಂದ್ಕೊಂಡಿದ್ದೆ. ಒಂದ್ಸಲನಾದ್ರೂ ಎದುರ್ಗಡೆ ಕೂತ್ಕೊಂಡು ನೋಡ್ಬೇಕು ಅನ್ನೋದೇ ದೊಡ್ಡ ಆಸೆ ಆಗೋಗಿತ್ತು" ಎಂದು ನಗುತ್ತಾರೆ.

ಈವರೆಗೆ ಮಾಡಿದ ಕಿರುಚಿತ್ರಗಳನ್ನೆಲ್ಲ ಸ್ಪರ್ಧೆಗೆ ಕಳಿಸಿದರು. ಒಂದಕ್ಕೂ ಉತ್ತರ ಬರಲಿಲ್ಲ. ಕಾರ್ಖಾನೆಯಲ್ಲಿ "ಡೈರೆಕ್ಟ್ರು ಬಂದ್ರು, ಜಾಗ ಬುಡ್ರಪ್ಪೋ" ಎಂಬ ತಮಾಷೆ ಮಾಮೂಲು. ಆದರೆ ಈ ಕಥೆಯ ಮೇಲೆ ಅವರಿಗೆ ಬೇರೆಯೇ ನಂಬಿಕೆ. ಮಗಳನ್ನು ಕಳೆದುಕೊಂಡ ಒಬ್ಬ ಅಯ್ಯನವರು, ಇಷ್ಟು ದಿನ ಪೂಜಿಸಿದ್ದಕ್ಕೆ ಇದೇನಾ ಫಲವೆಂದು ಸಿಟ್ಟಿನಿಂದ ಕೊರಳ ಲಿಂಗವನ್ನು ಕೆರೆಗೆ ಎಸೆಯುತ್ತಾರೆ. ಇದು ಕಥೆಯ ಕೊನೆ.

ನಿಜವಾದ ಇಷ್ಟಲಿಂಗವನ್ನು ಇದಕ್ಕೆಲ್ಲ ಬಳಸುವಂತಿಲ್ಲ. ಅಷ್ಟು ಭಯಭಕ್ತಿ ಮಹಾಂತೇಶ್ ಅವರಿಗೂ ಇದೆ. ಪೈಪಿನ ಸೋರಿಕೆ ಮುಚ್ಚುವ ಅಂಟನ್ನು ಉಂಡೆ ಕಟ್ಟಿ, ಕಪ್ಪು ಬಣ್ಣ ಬಳಿದು, ಥೇಟ್ ಲಿಂಗದಂತೆಯೇ ಮಾಡಿದರು. ಬಿಳಿ ಬಟ್ಟೆಯಲ್ಲಿ ಸುತ್ತಿ ಕ್ಯಾಮೆರಾ ಬ್ಯಾಗಿನಲ್ಲಿ ಚಾರ್ಜರ್ ವೈರಿನ ನಡುವೆ ತುರುಕಿ, ಬ್ಯಾಗನ್ನು ಮನೆಯಲ್ಲೇ ಬಿಟ್ಟು ಶಿಫ್ಟಿಗೆ ಹೋದರು. ಎಡವಟ್ಟಾದದ್ದು ಅಲ್ಲೇ.

ಬ್ಯಾಗಿನ ಧೂಳು ಕೊಡವಲು ಹೋದ ಪುಟ್ಟಬಸಮ್ಮನ ಕೈಗೆ ಅದು ಸಿಕ್ಕಿತು. ಮಗ ಸಿನಿಮಾದ ಗುಂಗಿನಲ್ಲಿ ಕೊರಳಿನ ಲಿಂಗವನ್ನೇ ತೆಗೆದಿಟ್ಟು ಹೋಗಿದ್ದಾನೆ ಎಂದುಕೊಂಡರು. ಲಿಂಗ ಮೈಯಿಂದ ದೂರವಾದರೆ, ಅದು ಮತ್ತೆ ಕೊರಳು ಸೇರುವ ತನಕ ಬಾಯಿಗೆ ನೀರೂ ಹಾಕದ ಕಾಲದವರು ಅವರು. ಫೋನ್ ಮಾಡೋಣವೆಂದರೆ ಕಾರ್ಖಾನೆಯಲ್ಲಿ ಮೊಬೈಲನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ಲಿಂಗವನ್ನು ತೊಳೆದು, ದೇವರ ಮನೆಯಲ್ಲಿಟ್ಟು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಸಕ್ಕರೆ ಕಾಯಿಲೆಯ ಆ ಜೀವ ಮಗನ ಪಾಲಿನ ಉಪವಾಸವನ್ನು ತಾನು ಹಿಡಿದು ಕೂತಿತು.

ಮಧ್ಯಾಹ್ನ ಮಗ ಬಾಗಿಲಿಗೆ ಬಂದದ್ದೇ ತಡ, ತಾಯಿ ಅವರ ಅಂಗಿಯ ಗುಂಡಿಗೆ ಕೈ ಹಾಕಿದರು. ಒಳಗೆ ಬೆಳ್ಳಿಯ ಕರಡಿಗೆ ಇದ್ದಲ್ಲೇ ಇತ್ತು, ಲಿಂಗವೂ ಅದರೊಳಗಿತ್ತು. "ಅಲ್ಲೇ ಕುಸಿದು ಕೂತ್ಕೊಂಡು ಅತ್ತುಬುಟ್ರು. ಊಟ ಬಿಟ್ಟಿದಾರೆ ಅಂತ ಗೊತ್ತಾದ್ರೂ ನನ್ನ ಕಣ್ಣು ಮೊದ್ಲು ಹೋಗಿದ್ದು ದೇವ್ರ ಮನೆಗೆ, ನನ್ನ ಶೂಟಿಂಗ್ ಪ್ರಾಪರ್ಟಿ ಏನಾಯ್ತು ಅಂತ. ಅದು ನೆನೆಸ್ಕೊಂಡ್ರೆ ಈಗ್ಲೂ ನಾಚಿಕೆ ಆಗ್ತದೆ" ಎನ್ನುತ್ತಾರೆ ಮಹಾಂತೇಶ್.

ಅದು ಬರೀ ಅಂಟು, ಸಿನಿಮಾದಲ್ಲಿ ಕೆರೆಗೆ ಎಸೆಯಲು ಮಾಡಿದ್ದು ಎಂದು ಹೇಳಿದ್ದಾಯಿತು. ಪುಟ್ಟಬಸಮ್ಮ ಜಗ್ಗಲಿಲ್ಲ. "ಅಂಟೋ ಗಿಂಟೋ, ಪೂಜೆ ಆಗೋಯ್ತಲ್ಲ. ಎಸೆಯೋಕೆ ಕೊಡಕ್ಕಿಲ್ಲ" ಎಂದರು. ಇನ್ನೊಂದು ಮಾಡಿಕೊಳ್ಳುತ್ತೇನೆ ಎಂದರೆ, "ಮಾಡು. ಅದ್ಕೂ ಪೂಜೆ ಮಾಡ್ತೀನಿ" ಎಂದರು. ಅಯ್ಯನವರ ಪಾತ್ರದ ಚೆಲುವರಾಜು ಕೂಡ ಕೈ ಚೆಲ್ಲಿದರು. "ನಮ್ಮ ಮನೇಲಿ ಲಿಂಗ ಕಟ್ಟಕ್ಕಿಲ್ಲ ಮಹಾಂತಣ್ಣ. ಅಂಗಂತ ಅವ್ವ ಪತ್ರೆ ಏರ್ಸಿದ್ದನ್ನ ನನ್ನ ಕೈಲಿ ಎಸ್ಯಕ್ಕಾಯ್ತದಾ?" ಇತ್ತ ಸ್ಪರ್ಧೆಯ ದಿನ ಹತ್ತಿರವಾಗುತ್ತಿತ್ತು. ತಾಯಿಯನ್ನು ನೋಯಿಸಿ ಸಿನಿಮಾ ಮುಗಿಸಲು ಮನಸ್ಸು ಬಾರದು, ಸಿನಿಮಾ ಬಿಡಲು ಜೀವ ಒಪ್ಪದು. ಅತ್ತ ದರಿ ಇತ್ತ ಪುಲಿ.

ಕೊನೆಗೆ ಒಂದು ಭಾನುವಾರ ಬೇರೆ ದಾರಿ ಕಾಣದೆ ಕಥೆಯನ್ನೇ ತಾಯಿಗೆ ಓದಿ ಹೇಳಿದರು. ಅವರೆಕಾಯಿ ಬಿಡಿಸುತ್ತ ಕೇಳಿದ ಪುಟ್ಟಬಸಮ್ಮ ಮೊರದಲ್ಲಿದ್ದಷ್ಟನ್ನೂ ಬಿಡಿಸಿ ಮುಗಿಸಿದರು. ಆಮೇಲೆ ಹೇಳಿದರು: "ನಿಮ್ಮಪ್ಪ ಹೋದಾಗ ನಾನೂ ಸಿಟ್ಟು ಮಾಡ್ಕೊಂಡಿದ್ದೆ ಕಣೋ. ಕರಡಿಗೆ ಬಿಚ್ಚದೆ ಅದೆಷ್ಟು ದಿನ ಇದ್ನೋ. ಎಸೆದುಬುಡಾವ ಅನ್ನಿಸ್ತು. ಎಸೆಯೋಕೆ ಕೈ ಏಳಕ್ಕಿಲ್ಲ. ಕೈ ಸೋತೋಗ್ತದೆ. ನಿನ್ನ ಅಯ್ಯನೋರ್ಗೂ ಕೈ ಸೋಲಿ."

ಗಂಡ ಸದಾಶಿವಯ್ಯನವರು ತೀರಿಕೊಂಡಾಗಿನ ಈ ಮಾತನ್ನು ಅವರು ಅದುವರೆಗೆ ಮಗನಿಗೂ ಹೇಳಿರಲಿಲ್ಲ. ಇನ್ನು ಆ ಅಂಟಿನ ಲಿಂಗದ ಗತಿ? ಒಡೆದು ಭಿನ್ನವಾದ ಲಿಂಗವನ್ನು ನೀರಿಗೆ ಬಿಡುವುದು ಅವರಲ್ಲಿ ವಾಡಿಕೆ. ಪೂಜೆ ಕಂಡ ಇದನ್ನೂ ಕಸಕ್ಕೆ ಹಾಕದೆ ಎಂದಾದರೂ ನೀರಿಗೇ ಬಿಡಬೇಕಿತ್ತು. ಎಸೆಯುವುದು ಬೇಡ, ಬಿಡುವುದಾದರೆ ಆಗಲಿ ಎಂದರು ಪುಟ್ಟಬಸಮ್ಮ.

ಹಾಗಾಗಿ ಈಗ ಚೆಲುವರಾಜು ಮೊಣಕಾಲುದ್ದ ನೀರಿನಲ್ಲಿದ್ದಾರೆ. ಕ್ಯಾಮೆರಾ ಓಡುತ್ತಿದೆ. ಅಂಗೈ ಮೇಲೆ ಲಿಂಗವಿದೆ, ಆದರೆ ಬೆರಳು ಬಿಚ್ಚುತ್ತಿಲ್ಲ. ನಟನೆಯಲ್ಲ, ನಿಜವಾಗಿಯೇ ಅವರಿಗೆ ಆಗುತ್ತಿಲ್ಲ. ಆಗ ಪುಟ್ಟಬಸಮ್ಮ ಡಬ್ಬಿ ಕೆಳಗಿಟ್ಟು, ಸೀರೆ ಎತ್ತಿ ಕಟ್ಟಿ, ಸೀದಾ ನೀರಿಗಿಳಿಯುತ್ತಾರೆ. ಚೆಲುವರಾಜು ಅವರ ಕೈಯ ಕೆಳಗೆ ತಮ್ಮ ಸುಕ್ಕುಗಟ್ಟಿದ ಕೈ ಹಿಡಿಯುತ್ತಾರೆ. "ಬುಡಪ್ಪಾ, ನಾನಿದೀನಿ." ಎರಡೂ ಕೈ ಒಟ್ಟಿಗೆ ನೀರಿನೊಳಗೆ ಇಳಿದು, ಬರಿದಾಗಿ ಮೇಲೆ ಬರುತ್ತವೆ. ಚೆಲುವರಾಜು ಬಿಕ್ಕಿ ಬಿಕ್ಕಿ ಅಳುತ್ತಾರೆ.

ಮಹಾಂತೇಶ್ ಕಟ್ ಹೇಳುವುದನ್ನೇ ಮರೆತಿದ್ದಾರೆ. ತಿಂಗಳುಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಹಗುರಾದ ಮುಖ. ಕಥೆಯಲ್ಲಿಲ್ಲದ ಕೈ ಚಿತ್ರದಲ್ಲಿ ಬಂದುಬಿಟ್ಟಿತಲ್ಲ, ಏನು ಮಾಡುತ್ತೀರಿ ಎಂದರೆ, "ಇರ್ಲಿ. ಆ ಕೈ ಇಲ್ದಿದ್ರೆ ಸಿನಿಮಾ ಎಲ್ಲಿತ್ತು?" ಎನ್ನುತ್ತಾರೆ. ಬಹುಮಾನ ಬಂದರೆ ಸಂತೋಷ. ಬರದಿದ್ದರೂ ಒಂದು ಆಸೆಯಿದೆ: ಮುಂದಿನ ಶಿವರಾತ್ರಿಗೆ ಮಠದಲ್ಲಿ ಪರದೆ ಕಟ್ಟಿ ಇದನ್ನು ತೋರಿಸಬೇಕು. "ಹಾಸ್ಟೆಲ್ ಹುಡುಗ್ರನ್ನ ಎದುರ್ಗಡೆ ಕೂರುಸ್ತೀನಿ."

ಒದ್ದೆ ಸೀರೆಯಲ್ಲೇ ದಡ ಹತ್ತಿದ ಪುಟ್ಟಬಸಮ್ಮ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. ಉಪ್ಪಿಟ್ಟು ಇನ್ನೂ ಬೆಚ್ಚಗಿದೆ. ಬಡಿಸುವ ಮೊದಲು ಒಮ್ಮೆ ಮಗನ ಅಂಗಿಯ ಮೇಲ್ಗುಂಡಿ ಬಿಚ್ಚಿ, ಕರಡಿಗೆ ಮುಟ್ಟಿ ನೋಡುತ್ತಾರೆ.

"ಅದೆ," ಎಂದು ಗುಂಡಿ ಹಾಕುತ್ತಾರೆ. "ಈಗ ತಿನ್ನು."