ಎರಡು ಚಮಚ ಸೋಡಾ

ಶಶಿರೇಖ ಟೀಚರ್ ಇಪ್ಪತ್ತೊಂದು ವರ್ಷ ಒಂದೇ ಶಾಲೆಯಲ್ಲಿ ವಿಜ್ಞಾನ ಕಲಿಸಿದರು. ಮನೆ ಬಂಗಾರಪೇಟೆಯಲ್ಲಿ, ಶಾಲೆ ಊರಿಗಾಂನಲ್ಲಿ. ಬೆಳಿಗ್ಗೆ ಮಾರಿಕುಪ್ಪಂ ಕಡೆ ಹೋಗುವ ರೈಲು ಹತ್ತಿದರೆ ಮಧ್ಯಾಹ್ನವೋ ಸಂಜೆಯೋ ಅದೇ ಹಳಿಯ ಮೇಲೆ ವಾಪಸು. ಅಪ್ಪ ವೆಂಕಟೇಶಪ್ಪ ಬಂಗಾರಪೇಟೆಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ಮಗಳಿಗೆ ಬಿ.ಎಸ್ಸಿ., ಬಿ.ಎಡ್. ಓದಿಸಿದ್ದ. ಮದುವೆಯ ಮಾತು ಎರಡು ಮೂರು ಸಲ ಬಂದು ತಪ್ಪಿಹೋದ ಮೇಲೆ ಯಾರೂ ಅದನ್ನು ಎತ್ತಲಿಲ್ಲ, ಟೀಚರೂ ಎತ್ತಲಿಲ್ಲ. ಅವರಿಗೆ ಶಾಲೆ ಇತ್ತು.

ಆ ಶಾಲೆಯಲ್ಲಿ ಪ್ರಯೋಗಾಲಯ ಅನ್ನುವುದು ಒಂದು ಬೀಗ ಹಾಕಿದ ಬೀರು ಅಷ್ಟೆ. ಒಳಗಿದ್ದ ಸೀಸೆಗಳ ಚೀಟಿಯನ್ನು ಹುಳ ತಿಂದು ಯಾವುದರಲ್ಲಿ ಏನಿದೆಯೋ ದೇವರಿಗೇ ಗೊತ್ತು. ಹಾಗಾಗಿ ಟೀಚರ್ ಅಡುಗೆಮನೆಯನ್ನೇ ಚೀಲದಲ್ಲಿ ಹಾಕಿಕೊಂಡು ರೈಲು ಹತ್ತುತ್ತಿದ್ದರು. ನಿಂಬೆಹಣ್ಣು, ಸುಣ್ಣ, ಸೋಪಿನ ನೀರು, ಅರಿಶಿನ ಹಚ್ಚಿ ಒಣಗಿಸಿದ ಕಾಗದ, ದಾಸವಾಳ ಕುದಿಸಿದ ರಸ. ದಾಸವಾಳದ ರಸಕ್ಕೆ ನಿಂಬೆ ಹಿಂಡಿದರೆ ಕಡುಗೆಂಪು. ಅದಕ್ಕೇ ಅಡುಗೆ ಸೋಡಾ ಬೆರೆಸಿದರೆ ಬುಸ್ಸೆಂದು ನೊರೆ ಎದ್ದು ಬಣ್ಣ ಹಸಿರಿಗೆ ತಿರುಗುತ್ತಿತ್ತು. ಹತ್ತನೇ ತರಗತಿಯ ಮಕ್ಕಳು ಬೆಂಚಿನ ಮೇಲೆ ಹತ್ತಿ ನೋಡುತ್ತಿದ್ದರು.

“ಆಮ್ಲಕ್ಕೆ ಪ್ರತ್ಯಾಮ್ಲ ಸಿಕ್ಕಿದರೆ ಎರಡರ ಉರಿಯೂ ಇಳಿಯುತ್ತದೆ. ಉಳಿಯುವುದು ಲವಣ, ನೀರು” ಅನ್ನುತ್ತಿದ್ದರು. ಮುಂದಿನ ವಾರ ಜೀರ್ಣಾಂಗದ ಪಾಠ ಬಂದಾಗ ಅದನ್ನು ಇದಕ್ಕೆ ಜೋಡಿಸುತ್ತಿದ್ದರು: “ನಮ್ಮ ಜಠರದಲ್ಲೂ ಆಮ್ಲ ಇದೆ. ಹೆಚ್ಚಾದರೆ ಎದೆ ಉರಿ. ಅದಕ್ಕೇ ನಿಮ್ಮ ಅಜ್ಜಿ ಸೋಡಾ ನೀರು ಕುಡಿಯೋದು.” ಇಪ್ಪತ್ತೊಂದು ವರ್ಷವೂ ಇದೇ ಮಾತು. ಯಾವ ಇನ್‌ಸ್ಪೆಕ್ಟರೂ ತಪ್ಪು ಹಿಡಿದಿರಲಿಲ್ಲ, ಯಾಕೆಂದರೆ ಅದರಲ್ಲಿ ತಪ್ಪಿರಲಿಲ್ಲ.

ಆ ವರ್ಷದ ತರಗತಿಯಲ್ಲಿ ಲಿಖಿತ ಎಂಬ ಹುಡುಗಿ ಇದ್ದಳು. ಬಾಯಿಂದ ಜಠರದವರೆಗೆ, ಅಲ್ಲಿಂದ ಕರುಳಿನವರೆಗೆ ಅವಳು ಬರೆದ ಚಿತ್ರವನ್ನು ಟೀಚರ್ ಗೋಡೆಗೆ ಅಂಟಿಸಿದ್ದರು. ಅವಳದು ಚಿನ್ನದ ಗಣಿ ಕಾಲದ, ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯೊಂದರಲ್ಲಿ ವಾಸ. ಅಪ್ಪ ಹೊಸೂರಿನ ಕಾರ್ಖಾನೆಯಲ್ಲಿದ್ದುಕೊಂಡು ತಿಂಗಳಿಗೊಮ್ಮೆ ಬರುತ್ತಿದ್ದ. ಅಮ್ಮ ಕಲಾ ಬೆಳಗಿನ ಜಾವದ ರೈಲಿಗೆ ಬೆಂಗಳೂರಿಗೆ ಹೋಗಿ, ದೊಡ್ಡ ಕಟ್ಟಡವೊಂದರಲ್ಲಿ ನೆಲ, ಕಕ್ಕಸು ತೊಳೆದು, ಕತ್ತಲಾದ ಮೇಲೆ ಬರುತ್ತಿದ್ದಳು. ಐದು ವರ್ಷದ ತಂಗಿ ಸಹನ ಲಿಖಿತಳ ಪಾಲಿಗೆ.

ಅಕ್ಟೋಬರಿನ ಒಂದು ಶನಿವಾರ. ಅರ್ಧ ದಿನದ ಶಾಲೆ ಮುಗಿದು ಟೀಚರ್ ಸ್ಟಾಫ್ ರೂಮಿನಲ್ಲಿ ಟೆಸ್ಟ್ ಪೇಪರ್ ತಿದ್ದುತ್ತಾ ರೈಲಿನ ಹೊತ್ತಿಗೆ ಕಾಯುತ್ತಿದ್ದರು. ಲಿಖಿತ ಬರಿಗಾಲಲ್ಲಿ ಓಡಿಬಂದು ಬಾಗಿಲಲ್ಲಿ ನಿಂತಳು.

“ಟೀಚರ್, ನಮ್ ಪಾಪು ಆಸಿಡ್ ಕುಡಿದ್ಬಿಟ್ಟವಳೆ.”

ಟೀಚರ್ ಎದ್ದು ನಿಂತರು.

“ಅಮ್ಮ ಕಕ್ಕಸು ತೊಳೆಯಾಕೆ ಜ್ಯೂಸ್ ಬಾಟ್ಲಿನಾಗೆ ತಂದಿಟ್ಟಿದ್ಲು. ಜ್ಯೂಸ್ ಅನ್ಕೊಂಡು ಕುಡಿದವಳೆ. ನಾನು ತಕ್ಷಣ ಸೋಡಾ ಕೊಟ್ಟೆ ಟೀಚರ್. ಎರಡು ಚಮಚ, ಒಂದ್ ಲೋಟ ನೀರಿಗೆ. ನೀವ್ ಏಳ್ಕೊಟ್ಟಂಗೆ. ಆದ್ರೆ ರಕ್ತ ವಾಂತಿ ಆಯ್ತಾದೆ.”

ಹುಡುಗಿಯ ಮುಖದಲ್ಲಿ ಭಯ ಇತ್ತು. ಅದರ ಕೆಳಗೆ, ಲೆಕ್ಕ ಬಿಡಿಸಿ ಸರಿಯೋ ಅಂತ ಕೇಳುವಾಗಿನ ನಿರೀಕ್ಷೆಯೂ ಇತ್ತು. ಟೀಚರ್ ಪೇಪರು ಮಡಚಿಟ್ಟು ಚೀಲ ಎತ್ತಿಕೊಂಡರು. ಆಮ್ಲವೂ ಸೋಡಾವೂ ಕೂಡಿದರೆ ಗಾಳಿ ಏಳುತ್ತದೆ. ಗಾಜಿನ ಲೋಟದಲ್ಲಾದರೆ ನೊರೆ ಉಕ್ಕಿ ಮೇಜಿನ ಮೇಲೆ ಚೆಲ್ಲುತ್ತದೆ, ಮಕ್ಕಳು ನಗುತ್ತಾರೆ. ಸುಟ್ಟು ಹಸಿಯಾದ ಐದು ವರ್ಷದ ಹೊಟ್ಟೆಯೊಳಗೆ ಆ ಗಾಳಿ ಎಲ್ಲಿಗೆ ಹೋಗಬೇಕು? ಉಕ್ಕಿ ಬಂದದ್ದು ಅದೇ ಅನ್ನನಾಳವನ್ನು ಎರಡನೇ ಸಲ ಸುಟ್ಟುಕೊಂಡು ಬರಬೇಕು. ಇಷ್ಟೂ ಅವರಿಗೆ ಗೊತ್ತಿತ್ತು. ಇಪ್ಪತ್ತೊಂದು ವರ್ಷದಲ್ಲಿ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

“ನಡಿ, ಓಗೋಣ” ಎಂದಷ್ಟೇ ಅಂದರು.

ಮನೆಯಲ್ಲಿ ಪಕ್ಕದ ಮಾರಿಯಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕೂಗು ಕೇಳಿ ಆಮೇಲೆ ಬಂದವಳು. ಸಹನಳ ತುಟಿ ಬೆಳ್ಳಗೆ ಬೆಂದು ಊದಿತ್ತು, ಜೊಲ್ಲು ಸುರಿಯುತ್ತಿತ್ತು. ಅಳಲು ಬಾಯಿ ತೆರೆದರೂ ದನಿ ಬರುತ್ತಿರಲಿಲ್ಲ. “ಮೋರು ಕುಡಿಸಲಾ ಟೀಚರಮ್ಮ? ಮಜ್ಜಿಗೆ?” ಎಂದು ಮಾರಿಯಮ್ಮ ಕೇಳಿದಾಗ ಟೀಚರ್ “ಏನೂ ಬೇಡ, ಏನೂ ಕುಡಿಸಬೇಡಿ” ಎಂದು ಗದರಿದರು. ಆ ಗದರಿಕೆ ಲಿಖಿತಳಿಗೆ ಕೇಳಿಸಿತು. ಅವಳು ಟೀಚರ್ ಮುಖ ನೋಡಿದಳು. ಆಗಲೇ ಅವಳಿಗೆ ಅರ್ಥವಾಗಿ ಹೋಯಿತು.

ಆಟೋದಲ್ಲಿ ಹತ್ತಿರದ ಆಸ್ಪತ್ರೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರು. ದಾರಿಯುದ್ದಕ್ಕೂ ಮಗು ಟೀಚರ್ ಸೆರಗನ್ನು ಬಾಯಿಗೊತ್ತಿಕೊಂಡಿತ್ತು. ಫೋನಿನಲ್ಲಿ ಸುದ್ದಿ ತಿಳಿದ ಕಲಾ ಕೆಲಸದ ನೀಲಿ ಅಂಗಿಯಲ್ಲೇ ಓಡಿಬಂದು ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತಿದ್ದಳು.

ಡಾಕ್ಟರು ಶ್ಯಾಮಲ ಎಂಬ ಸಣ್ಣ ವಯಸ್ಸಿನ ಹೆಂಗಸು. ಬರೆದುಕೊಳ್ಳುತ್ತಾ ಕೇಳಿದರು: “ಕುಡಿದ ಮೇಲೆ ಏನಾದರೂ ಕೊಟ್ಟಿರಾ?”

“ಸೋಡಾ” ಎಂದರು ಟೀಚರ್.

“ಯಾರು ಕೊಟ್ಟಿದ್ದು?”

ಕಲಾ ತಲೆ ಎತ್ತಿದಳು. ಲಿಖಿತಳ ಬೆರಳುಗಳು ಟೀಚರ್ ಮೊಣಕೈಯನ್ನು ಹಿಡಿದಿದ್ದವು, ಉಗುರು ಚುಚ್ಚುವಷ್ಟು.

“ನಾನು ಕೊಟ್ಟೆ” ಎಂದರು ಶಶಿರೇಖ ಟೀಚರ್.

ಯೋಚಿಸಿ ಆಡಿದ ಮಾತಲ್ಲ. ಹದಿನೈದರ ಹುಡುಗಿಯ ತಲೆಯ ಮೇಲೆ ಆ ಹೊರೆ ಬೀಳುವುದನ್ನು ಕಣ್ಣಾರೆ ನೋಡಲಾರದೆ ಆಡಿದ್ದು. ಒಳಗೊಳಗೇ ಅದು ಸುಳ್ಳೆಂದೂ ಅವರಿಗೆ ಅನ್ನಿಸಿರಲಿಲ್ಲ.

ಕಲಾ ಅವರ ಕಡೆ ತಿರುಗಿದಳು. “ನಾವಾದ್ರೆ ಓದಿಲ್ಲ. ನೀವು ಓದ್ದೋರು ಟೀಚರ್. ನಿಮಗೆ ಗೊತ್ತಿರ್ಬೇಕಿತ್ತು.”

ಮಗು ಉಳಿಯಿತು. ಅನ್ನನಾಳ ಮಾತ್ರ ಉಳಿಯಲಿಲ್ಲ. ಗಾಯ ಒಣಗುತ್ತಾ ಹೋದಂತೆ ಬೆರಳಿನ ಗಾತ್ರದ ಕೊಳವೆ ದಾರ ತೂರುವಷ್ಟಾಯಿತು. ಹೊಟ್ಟೆಗೆ ತೂತು ಮಾಡಿ ಕರುಳಿಗೆ ಒಂದು ನಳಿಕೆ ಇಟ್ಟರು. ಗಂಜಿ, ಹಾಲು ಎಲ್ಲ ಅದರಲ್ಲೇ. ಎರಡು ವಾರಕ್ಕೊಮ್ಮೆ ಮತ್ತಿನ ಔಷಧ ಕೊಟ್ಟು, ಬಾಯಿಂದ ಸಲಕರಣೆ ಇಳಿಸಿ ಆ ಕೊಳವೆಯನ್ನು ಹಿಗ್ಗಿಸಬೇಕು. ಹಿಗ್ಗಿಸಿದ್ದು ಹತ್ತು ದಿನದಲ್ಲಿ ಮತ್ತೆ ಕೂಡಿಕೊಳ್ಳುತ್ತಿತ್ತು. ಸಹನ ತನ್ನ ಎಂಜಲನ್ನೂ ನುಂಗಲಾರದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದಳು.

ಊರಲ್ಲಿ ಸುದ್ದಿ ಹಬ್ಬಲು ಎರಡು ದಿನ ಸಾಕಾಯಿತು. ವಿಜ್ಞಾನದ ಟೀಚರೇ ಮಗುವಿಗೆ ಸೋಡಾ ಕುಡಿಸಿ ಹೊಟ್ಟೆ ಸುಟ್ಟರಂತೆ. ಮನೆಯಲ್ಲಿ ಬೇಡವೆಂದು ಗದರಿದವರು ದಾರಿಯಲ್ಲಿ ಕುಡಿಸಿರಬೇಕು ಎಂದುಕೊಂಡಳು ಮಾರಿಯಮ್ಮ. ಪೋಷಕರು ಶಾಲೆಗೆ ಬಂದರು. ಮುಖ್ಯೋಪಾಧ್ಯಾಯ ಗೋಪಾಲ್ ಸರ್ ಕುರ್ಚಿಯ ತುದಿಯಲ್ಲಿ ಕೂತು, “ಸ್ವಲ್ಪ ದಿನ ರಜೆ ಮೇಲಿರಿ ಮೇಡಂ” ಎಂದರು. ಅಷ್ಟು ವರ್ಷವಾದರೂ ಟೀಚರದು ಖಾಯಂ ಹುದ್ದೆಯಲ್ಲ. ಆ ಸ್ವಲ್ಪ ದಿನಕ್ಕೆ ಕೊನೆಯಿಲ್ಲವೆಂದು ಇಬ್ಬರಿಗೂ ತಿಳಿದಿತ್ತು. ನಿಜ ಹೇಳಿದ್ದರೆ ಉಳಿಯುತ್ತಿದ್ದರೋ ಏನೋ. ಹೇಳಲಿಲ್ಲ. ಬೀರುವಿನ ಬೀಗದ ಕೈ ಮೇಜಿನ ಮೇಲಿಟ್ಟು ಬಂದರು.

ಬಂಗಾರಪೇಟೆಯ ಮನೆಯಲ್ಲಿ ಹಗಲು ಬೆಳೆಯುತ್ತಲೇ ಇರುತ್ತಿತ್ತು. ಒಬ್ಬರೇ ಕೂತು ಆ ಪಾಠವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಮಾಡುತ್ತಿದ್ದರು. ಎಲ್ಲಿ, ಯಾವ ವಾಕ್ಯದ ಆಚೆ, ‘ಯಾರಾದರೂ ಆಸಿಡ್ ನುಂಗಿದರೆ ಇದನ್ನು ಮಾಡಬೇಡಿ’ ಎಂದು ಸೇರಿಸಬಹುದಿತ್ತು? ಎಲ್ಲಿ ಬೇಕಾದರೂ ಸೇರಿಸಬಹುದಿತ್ತು. ಒಂದು ನಿಮಿಷದ ಮಾತು. ಊಟಕ್ಕೆ ಕೂತರೆ ಮೊದಲ ತುತ್ತು ಎದೆಯಲ್ಲಿ ಇಳಿಯುವುದು ಗೊತ್ತಾಗಿ ತಟ್ಟೆ ಸರಿಸಿ ಏಳುತ್ತಿದ್ದರು.

ಜನವರಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ರೈಲು ನಿಲ್ದಾಣದಲ್ಲಿ ಸಿಕ್ಕು, ಲಿಖಿತ ದೀಪಾವಳಿಯಿಂದಲೇ ಶಾಲೆಗೆ ಬರುತ್ತಿಲ್ಲ ಎಂದಳು. ಟೀಚರ್ ಮರುದಿನವೇ ಊರಿಗಾಂನಲ್ಲಿ ಇಳಿದರು. ಬಾಗಿಲು ತೆಗೆದ ಹುಡುಗಿಯನ್ನು ಗುರುತಿಸಲು ಒಂದು ಕ್ಷಣ ಬೇಕಾಯಿತು. ಕತ್ತಿನ ಮೂಳೆಗಳು ಎದ್ದಿದ್ದವು, ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಒಳಗೆ ಸಹನ ಚಾಪೆಯ ಮೇಲೆ ಮಲಗಿದ್ದಳು.

“ಊಟ ಮಾಡ್ತಾ ಇಲ್ವಾ ನೀನು?”

“ಅವಳ್ ಮುಂದೆ ಎಂಗೆ ತಿನ್ನಲಿ?”

ಟೀಚರ್ ಹತ್ತಿರ ಕೂತು ತಲೆ ಸವರಲು ಹೋದರು. ಲಿಖಿತ ಹಿಂದೆ ಸರಿದಳು.

“ನೀವ್ಯಾಕೆ ಅಂಗೆ ಏಳಿದ್ರಿ ಟೀಚರ್? ಅಮ್ಮ ದಿನಾ ನಿಮ್ಮನ್ನ ಬೈತಾಳೆ. ಕೈ ಸೇದೋಗ್ಲಿ ಅಂತಾಳೆ. ಅದು ನನ್ ಕೈ. ನಾನು ಪಕ್ಕದಾಗೇ ಕುಂತು ಕೇಳ್ತೀನಿ. ನಂಗೆ ಬೈಸ್ಕೊಳ್ಳಾಕೂ ಆಗ್ತಿಲ್ಲ, ಅಳಾಕೂ ಆಗ್ತಿಲ್ಲ. ಈಗ ಏಳಿದ್ರೆ ಇಷ್ಟ್ ದಿನ ಯಾಕ್ ಮುಚ್ಚಿಟ್ಟೆ ಅಂತಾಳೆ.”

ತಾವು ಹೊರೆ ಇಳಿಸಿದೆವೆಂದುಕೊಂಡದ್ದು ಹುಡುಗಿಯ ಗಂಟಲಿಗೆ ಕಲ್ಲಾಗಿ ಕೂತಿತ್ತು. ಮೊದಲು ಪಾಠ, ಆಮೇಲೆ ಸುಳ್ಳು. ಎರಡನ್ನೂ ಒಳ್ಳೆಯದಕ್ಕೆಂದೇ ಕೊಟ್ಟಿದ್ದರು. ಶಶಿರೇಖ ಟೀಚರ್ ಆ ಮನೆಯ ನೆಲದ ಮೇಲೆ ಕೂತು ಮಕ್ಕಳ ಎದುರಿಗೇ ಅತ್ತರು. ಅಳು ನಿಂತ ಮೇಲೆ, “ಭಾನುವಾರ ಬತ್ತೀನಿ. ಇಬ್ಬರೂ ಸೇರಿ ಹೇಳೋಣ” ಎಂದರು.

ಭಾನುವಾರ ಬೆಳಿಗ್ಗೆ ಹೋದಾಗ ಕಲಾ ಸೋಸಿದ ರಾಗಿ ಗಂಜಿಯನ್ನು ಸಿರಿಂಜಿನಲ್ಲಿ ತುಂಬಿ ಸಹನಳ ಹೊಟ್ಟೆಯ ನಳಿಕೆಗೆ ಬಿಡುತ್ತಿದ್ದಳು. ಟೀಚರನ್ನು ಕಂಡು ಮುಖ ತಿರುಗಿಸಿದಳು. ಟೀಚರ್ ಬಾಯಿ ತೆರೆಯುವ ಮೊದಲೇ ಲಿಖಿತ ಒಂದೇ ಉಸಿರಿಗೆ ಹೇಳಿಬಿಟ್ಟಳು.

“ಅಮ್ಮ, ಸೋಡಾ ಕೊಟ್ಟಿದ್ದು ಟೀಚರಲ್ಲ. ನಾನು.”

ಕಲಾಳ ಕೈ ಅಲುಗಲಿಲ್ಲ. ಗಂಜಿ ಪೂರ್ತಿ ಇಳಿಯುವವರೆಗೂ ಸಿರಿಂಜನ್ನು ಎತ್ತಿ ಹಿಡಿದೇ ಇದ್ದಳು. ಆಮೇಲೆ ನೀರು ಬಿಟ್ಟು ನಳಿಕೆ ತೊಳೆದು, ಮುಚ್ಚಳ ಹಾಕಿ, ಮಗುವಿನ ಅಂಗಿ ಎಳೆದಳು.

“ಆ ಬಾಟ್ಲಿನಾಗೆ ತಂದಿಟ್ಟಿದ್ದು ನಾನು” ಎಂದಳು ಗೋಡೆ ನೋಡಿಕೊಂಡು. “ಡಾಕ್ಟ್ರು ಸೋಡಾ ಯಾರು ಕೊಟ್ರು ಅಂದ್ರು. ಬಾಟ್ಲಿ ಯಾರು ಇಟ್ರು ಅಂತ ಯಾರೂ ಕೇಳ್ಲಿಲ್ಲ. ಕೇಳೋರೇ ಇಲ್ದಿದ್ಕೆ ನಿಮ್ಮನ್ನ ಬೈಕೊಂಡು ಬದುಕಿದ್ದೆ.” ಸಿರಿಂಜನ್ನು ಕೆಳಗಿಟ್ಟು, “ಈಗ ಎದ್ದೋಗಿ ಟೀಚರ್” ಎಂದಳು.

ಟೀಚರ್ ಎದ್ದು ಬಂದರು. ಹದಿನೈದು ದಿನ ಯಾವ ಸುದ್ದಿಯೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಕಲಾಳ ಫೋನ್ ಬಂತು. “ನಾಳೆ ಪಾಪುಗೆ ಗಂಟಲು ಹಿಗ್ಗಿಸ್ತಾರೆ. ನಂಗೆ ರಜೆ ಕೊಡಾಕಿಲ್ಲ ಅಂತವ್ರೆ. ನೀವು ಬತ್ತೀರಾ?”

ಅವತ್ತಿನಿಂದ ಸಹನಳನ್ನು ರೈಲಿನಲ್ಲಿ ಬೆಂಗಳೂರಿಗೆ ಕರೆದೊಯ್ಯುವುದು ಟೀಚರ್ ಕೆಲಸವಾಯಿತು. ಬಂಗಾರಪೇಟೆಯಲ್ಲಿ ವಡೆ ಮಾರುವವರು ಹತ್ತಿದರೆ ಮಗು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಒಂದು ಸಲ ಹಿಗ್ಗಿಸುವಾಗ ಕೊಳವೆ ಹರಿಯಿತು. ನಾಲ್ಕು ದಿನ ಜ್ವರದಲ್ಲಿ ಮಗು ಕೈಬಿಟ್ಟು ಹೋಗುವ ಹಾಗಿತ್ತು. ಅದೇ ದಿನಗಳಲ್ಲಿ ಟೀಚರ್ ಡಾಕ್ಟರ್ ಶ್ಯಾಮಲರಿಗೆ ನಡೆದದ್ದನ್ನೆಲ್ಲ ಹೇಳಿ, ತಿಂಗಳುಗಟ್ಟಲೆ ನುಂಗಿಕೊಂಡಿದ್ದ ಪ್ರಶ್ನೆಯನ್ನು ಕೇಳಿದರು. ಸೋಡಾ ಕೊಡದೆ ಇದ್ದಿದ್ದರೆ ಮಗುವಿಗೆ ಇಷ್ಟಾಗುತ್ತಿರಲಿಲ್ಲವೇ?

ಡಾಕ್ಟರು ಸುಳ್ಳು ಸಮಾಧಾನ ಹೇಳಲಿಲ್ಲ. “ಕೊಡಬಾರದಿತ್ತು. ಆದರೆ ಆಸಿಡ್ ಎಷ್ಟು ಸುಟ್ಟಿತು, ಸೋಡಾ ಎಷ್ಟು ಕೆಡಿಸಿತು ಅಂತ ಯಾರಿಗೂ ಬಿಡಿಸಿ ಹೇಳೋಕಾಗಲ್ಲ ಮೇಡಂ. ಯಾವತ್ತೂ ಆಗಲ್ಲ.”

ಹಿಗ್ಗಿಸಿ ಫಲವಿಲ್ಲ ಎಂದಾದ ಮೇಲೆ ಮಾರನೆಯ ವರ್ಷದ ಮಳೆಗಾಲದಲ್ಲಿ ದೊಡ್ಡ ಆಪರೇಷನ್ ಮಾಡಿದರು. ಮಗುವಿನ ದೊಡ್ಡ ಕರುಳಿನ ಒಂದು ತುಂಡನ್ನು ಎದೆಯೊಳಗೆ ಎಳೆದು ಅನ್ನನಾಳದ ಜಾಗದಲ್ಲಿ ಹೊಲಿದರು. ಒಂಬತ್ತು ಗಂಟೆ ಹಿಡಿಯಿತು. ಕಲಾ, ಲಿಖಿತ, ಟೀಚರ್ ಒಂದೇ ಬೆಂಚಿನ ಮೇಲೆ ಕೂತಿದ್ದರು. ಮಧ್ಯಾಹ್ನ ಕಲಾ ಚೀಲದಿಂದ ಪೊಟ್ಟಣ ತೆಗೆದು, ಚಿತ್ರಾನ್ನ ಮೂರು ಪಾಲು ಮಾಡಿ, ಮೊದಲ ಪಾಲನ್ನು ಲಿಖಿತಳ ಕೈಗಿಟ್ಟು, ಅವಳು ಪೂರ್ತಿ ತಿನ್ನುವವರೆಗೂ ಎದುರಿಗೆ ನಿಂತು ನೋಡಿದಳು.

ಸಹನ ಈಗ ನುಂಗುತ್ತಾಳೆ. ದನಿ ಒಡೆದಿದೆ, ಅದು ಹಾಗೇ ಉಳಿಯುತ್ತದಂತೆ. ಲಿಖಿತ ಒಂದು ವರ್ಷ ತಡವಾಗಿ ಎಸ್ಸೆಸ್ಸೆಲ್ಸಿ ಬರೆದಳು. ವಿಜ್ಞಾನದಲ್ಲಿ ಮಾತ್ರ ಫೇಲು. ರಸಾಯನಶಾಸ್ತ್ರದ ಪುಟಗಳನ್ನು ಖಾಲಿ ಬಿಟ್ಟು ಬಂದಿದ್ದಳು. ಮರುಪರೀಕ್ಷೆಗೆ ಕೂರುತ್ತಾಳೋ ಇಲ್ಲವೋ, ಕೇಳುವ ಧೈರ್ಯ ಟೀಚರಿಗಿಲ್ಲ. ಊರಿಗಾಂನ ಶಾಲೆ ಅವರನ್ನು ವಾಪಸು ಕರೆಯಲಿಲ್ಲ. ಬಂಗಾರಪೇಟೆಯ ಮನೆಯ ಜಗಲಿಯಲ್ಲಿ ಏಳೆಂಟು ಮಕ್ಕಳಿಗೆ ಪಾಠ ಹೇಳುತ್ತಾರೆ. ಯಾವ ಪಾಠವಾದರೂ ಮಧ್ಯದಲ್ಲಿ ನಿಲ್ಲಿಸಿ, ಇದನ್ನು ಮನೆಯಲ್ಲಿ ಯಾರ ಮೇಲೂ ಪ್ರಯೋಗಿಸಬೇಡಿ, ಆಸಿಡನ್ನು ಕುಡಿಯುವ ಬಾಟಲಿಗೆ ಹಾಕಬೇಡಿ ಎಂದು ಶುರು ಮಾಡುತ್ತಾರೆ. ಮಕ್ಕಳು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ.

ಕೆಲವು ಭಾನುವಾರ ಅವರು ಊರಿಗಾಂಗೆ ಹೋಗುತ್ತಾರೆ. ಸಹನ ಮೆತ್ತಗೆ ಕಿವುಚಿದ ಅನ್ನವನ್ನು ಅಗಿದು, ಅಗಿದು, ಒಂದೊಂದು ಗುಟುಕು ನೀರು ಕುಡಿದು ಇಳಿಸುತ್ತಾಳೆ. ಒಂದು ತಟ್ಟೆ ಮುಗಿಯಲು ಮುಕ್ಕಾಲು ಗಂಟೆ. ಪ್ರತಿ ತುತ್ತಿಗೂ ಕಲಾ, ಲಿಖಿತ, ಟೀಚರ್ ಮೂವರೂ ಅವಳ ಗಂಟಲನ್ನೇ ನೋಡುತ್ತಿರುತ್ತಾರೆ.