ಇಂಜಿನ್ ಹೋಯ್ತು ಅಂದುಕೊಂಡ ಎರಡು ತಿಂಗಳು

ನನ್ನ ಕಿವಿಯ ಬಗ್ಗೆ ನನಗೆ ಭಾರಿ ಜಂಬವಿತ್ತು. ಅಟ್ಟದ ಮೇಲೆ ಒಂದು ವರ್ಷ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ, ಇನ್ನೂ ನೀರಿದೆಯೋ, ಕೊಳೆತಿದೆಯೋ ಹೇಳಿಬಿಡುತ್ತಿದ್ದೆ. ತುರುವೇಕೆರೆ ಕಡೆಯ ನಮ್ಮ ಊರಿನಲ್ಲಿ ಅಟ್ಟದಿಂದ ಕಾಯಿ ಇಳಿಸುವ ಮುಂಚೆ ನಾಲ್ಕಾರು ಮನೆಯವರು ಈಗಲೂ ನನ್ನನ್ನು ಕರೆಯುತ್ತಾರೆ. ಅಂಥ ಕಿವಿ ಇಟ್ಟುಕೊಂಡು ನಾನು ಮಾಡಿದ ಎಡವಟ್ಟನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನ ಹೆಂಡತಿ ಒಂದಕ್ಕೆರಡು ಸೇರಿಸಿ ಹೇಳುತ್ತಾಳೆ.

ನಮ್ಮದೊಂದು ಪಿಕಪ್ ಗಾಡಿ. ಕಾಯಿ, ಕೊಬ್ಬರಿ ಹೇರಿಕೊಂಡು ತಿಪಟೂರಿಗೆ ಹೋಗುವುದು, ಬರುವಾಗ ಹಿಂಡಿಯೋ ಸಿಮೆಂಟೋ ಸಿಕ್ಕಿದ್ದನ್ನು ತರುವುದು. ತೋಟ ಸಣ್ಣದು, ಮನೆ ನಡೆಯುವುದು ಗಾಡಿಯಿಂದಲೇ. ಅದರ ವಾರಂಟಿ ಮುಗಿದು ಒಂದೂವರೆ ತಿಂಗಳಾಗಿತ್ತು, ಅಷ್ಟರಲ್ಲಿ ಇಂಜಿನ್ ಕಡೆಯಿಂದ ಸದ್ದು ಶುರುವಾಯಿತು. ಕಟಕಟ, ಕಟಕಟ. ವಾರಂಟಿ ಮುಗಿಯಲಿ ಅಂತಲೇ ಕಾದು ಕೂತಿತ್ತೋ ಏನೋ ಮುಂಡೇದು.

ಸದ್ದು ಬಂದದ್ದು ನನ್ನ ತಮ್ಮ ಗಾಡಿಯನ್ನು ವಾಪಸು ತಂದು ನಿಲ್ಲಿಸಿದ ಮಾರನೆಯ ದಿನ. ಅವನು ಬೇರೆ ಸಂಸಾರ, ಊರ ತಿರುವಿನಲ್ಲಿ ಮನೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ನಾವೆಲ್ಲ ಅದರ ಗೋಡು, ಅಂದರೆ ತಳದ ಹೂಳುಮಣ್ಣು, ಹೊಡೆದು ತೆಂಗಿನ ಬುಡಕ್ಕೆ ಹಾಕುತ್ತೇವೆ. ಅದಕ್ಕೆಂದು ಎರಡು ದಿನ ಗಾಡಿ ಒಯ್ದಿದ್ದ. ಗೋಡನ್ನು ಗೋಪುರದ ಹಾಗೆ ತುಂಬಿಕೊಂಡು ಹೋಗುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೆ. ಬಾನೆಟ್ ಎತ್ತಿ ಕಿವಿ ಕೊಟ್ಟೆ. ಕಾಯಿ ಕಟಕಟ ಅಂದರೆ ಒಳಗಿನದು ಕಳಚಿಕೊಂಡಿದೆ ಎಂದು ಅರ್ಥ. ಇಂಜಿನ್ ಒಳಗೂ ಏನೋ ಕಳಚಿದೆ, ಬೇರಿಂಗ್ ಹೋಗಿದೆ, ಗಾಡಿಯ ಕಥೆ ಮುಗಿಯಿತು ಎಂದು ತೀರ್ಮಾನಿಸಿಬಿಟ್ಟೆ.

ಬೆಳಗ್ಗೆ ಟೀ ಹೋಟೆಲಿನಲ್ಲಿ ತಮ್ಮ ಕೂತಿದ್ದ. ಹತ್ತು ಜನರೂ ಇದ್ದರು. ನನ್ನ ಸಿಟ್ಟು ಜನ ಇದ್ದಾರೋ ಇಲ್ಲವೋ ಎಂದು ನೋಡುವುದಿಲ್ಲ.

"ಮನುಷ್ಯನೇನ್ಲಾ ನೀನು? ಗೋಡು ತುಂಬಿ ತುಂಬಿ ಇಂಜಿನ್ ಕೊಂದಾಕ್ಬುಟ್ಟಲ್ಲ. ಇನ್ಮೇಲೆ ನನ್ನ ಗಾಡಿ ಹತ್ರ ಸುಳಿದ್ರೆ ಚೆನ್ನಾಗಿರಾಕಿಲ್ಲ."

ಅವನು ಅರ್ಧ ಕುಡಿದ ಲೋಟ ಅಲ್ಲೇ ಇಟ್ಟು ಎದ್ದು ಹೋದ. ನಾನು ಕೂತು ನನ್ನ ಟೀ ಪೂರ್ತಿ ಕುಡಿದೆ.

ಆಮೇಲೆ ಸದ್ದು ದಿನದಿನಕ್ಕೆ ಜೋರಾಯಿತು. ಮೊದಲು ದಿಣ್ಣೆ ಹತ್ತುವಾಗ ಮಾತ್ರ ಬರುತ್ತಿದ್ದದ್ದು ಆಮೇಲೆ ಸಮ ರಸ್ತೆಯಲ್ಲೂ ಬರತೊಡಗಿತು. ನೀನು ಅಮ್ಮಸಂದ್ರ ಬಿಟ್ಟದ್ದು ನಮಗೆ ಇಲ್ಲಿಗೇ ಗೊತ್ತಾಗುತ್ತೆ ಎಂದು ಹೋಟೆಲಿನವರು ಆಡಿಕೊಂಡರು. ಶೋರೂಮಿಗೆ ಫೋನ್ ಮಾಡಿದರೆ, ವಾರಂಟಿ ಇಲ್ಲ, ಗಾಡಿ ತಂದು ಬಿಡಿ, ಇಂಜಿನ್ ಬಿಚ್ಚಿ ನೋಡದೆ ಏನೂ ಹೇಳೋಕಾಗಲ್ಲ ಎಂದರು. ಬಿಚ್ಚುವುದು ಎಂಬ ಮಾತು ಕೇಳಿಯೇ ನನ್ನ ಜೀವ ಬಾಯಿಗೆ ಬಂತು. ಯಾರಿಗೂ ತೋರಿಸದಿದ್ದರೆ ಇಂಜಿನ್ ಹೋಗಿದೆ ಎಂದು ಯಾರೂ ಹೇಳುವ ಹಾಗಿಲ್ಲವಲ್ಲ ಎಂಬುದು ಆಗಿನ ನನ್ನ ಬುದ್ಧಿವಂತಿಕೆ. ಹಾಡು ಜೋರಾಗಿ ಹಾಕಿಕೊಂಡು ಓಡಿಸಿದೆ. ದಾರಿಯಲ್ಲಿ ನಿಂತುಬಿಟ್ಟರೆ ಗತಿಯೇನು ಎಂದು ದೂರದ ಹುಳಿಯಾರಿನ ಬಾಡಿಗೆಗಳನ್ನೆಲ್ಲ ಬಿಟ್ಟೆ. ಗಾಡಿ ಮಾರಬೇಕಾದೀತು, ಮಾರಿದ ಮೇಲೆ ಬೇರೆಯವರ ಗಾಡಿಗೆ ಡ್ರೈವರ್ ಆಗಬೇಕಾದೀತು ಎಂದು ನೆನೆಸಿಕೊಂಡು ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಇದರ ನಡುವೆ ತಮ್ಮ ಬೇರೆ. ತಿರುವಿನಲ್ಲಿ ಗಾಡಿ ಹೋಗುವಾಗ ಜಗಲಿಯ ಮೇಲೆ ಕೂತಿರುತ್ತಿದ್ದವನು ಥಟ್ಟನೆ ಎದ್ದು ಒಳಗೆ ಹೋಗಿಬಿಡುತ್ತಿದ್ದ. ಒಂದು ದಿನವಲ್ಲ, ದಿನಾ. ಮಾಡೋದೂ ಮಾಡಿ ಎಷ್ಟು ಕೊಬ್ಬು ನೋಡು ಇವನಿಗೆ ಎಂದು ನಾನು ಇನ್ನೆರಡು ಸಲ ಹಾರನ್ ಹೊಡೆದು ಹೋಗುತ್ತಿದ್ದೆ.

ಕೊನೆಗೊಂದು ದಿನ ತಿಪಟೂರು ಇನ್ನೇನು ಬಂತು ಅನ್ನುವಾಗ ಕಟಕಟ ಹೋಗಿ ಗಡಗಡ ಎಂದಿತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಕೊಬ್ಬರಿ ಇಳಿಸಿ, ಗಾಡಿಯನ್ನು ನೇರ ಪರಿಚಯದ ಮೆಕ್ಯಾನಿಕ್ ಹತ್ತಿರ ಒಯ್ದೆ. ತಂದೆಯ ಕಾಲದಿಂದ ಅಲ್ಲೇ ಗ್ಯಾರೇಜ್ ಇಟ್ಟುಕೊಂಡಿರುವ ವಯಸ್ಸಾದ ಮುಸ್ಲಿಂ ಯಜಮಾನರು. ನಾವೆಲ್ಲ ಭಾಯ್ ಎನ್ನುತ್ತೇವೆ. ಬೇರಿಂಗ್ ಹೋಗಿದೆ, ಓವರ್‌ಲೋಡ್ ಮಾಡಿದ್ದಕ್ಕೆ ಹೀಗಾಯಿತು ಎಂದು ರೋಗ, ಕಾರಣ ಎಲ್ಲ ನಾನೇ ಒದರಿದೆ. ಅವರು ಹೂಂ ಹೂಂ ಎಂದು ಕೇಳಿಸಿಕೊಂಡು ಗಾಡಿ ಸ್ಟಾರ್ಟ್ ಮಾಡಿಸಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್‌ಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಐದಾರು ಕಡೆ ಕೇಳಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಇಂಜಿನ್ ಗಟ್ಟಿಯಾಗೈತೆ ಯಜಮಾನ್ರೇ. ಸದ್ದು ಇದ್ರೊಳಗಿಂದಲ್ಲ," ಎಂದರು.

ಆಮೇಲೆ ಗಾಡಿಯ ಅಡಿಗೆ ನುಸುಳಿದರು. ಸೈಲೆನ್ಸರ್ ಪೈಪಿನ ಶಾಖ ತಾಗದಿರಲೆಂದು ಅಲ್ಲೊಂದು ತಗಡು ಇರುತ್ತದೆ. ಅದನ್ನು ಮರದ ತುಂಡಿನಿಂದ ಒತ್ತಿ ಹಿಡಿದರು, ಸದ್ದು ನಿಂತಿತು. ಬಿಟ್ಟರು, ಮತ್ತೆ ಗಡಗಡ. ತಗಡಿನ ಬೋಲ್ಟುಗಳು ಮುರಿದು ಅದು ಜೋತಾಡುತ್ತಿತ್ತು. ತಗಡಿಗೂ ಪೈಪಿಗೂ ನಡುವೆ ಸಿಕ್ಕಿಕೊಂಡು ಅದನ್ನು ಸೊಟ್ಟ ಮಾಡಿದ್ದು ತೆಂಗಿನ ಮಟ್ಟೆ, ಕಾಯಿ ಸುಲಿದ ಸಿಪ್ಪೆ. ಅರ್ಧ ಸುಟ್ಟು ಕರಿಯಾದ ನಾರನ್ನು ಹಿಡಿಹಿಡಿಯಾಗಿ ಎಳೆದು ನನ್ನ ಕಾಲ ಹತ್ತಿರ ಹಾಕಿದರು. ಸುಟ್ಟ ವಾಸನೆ ಬರಲಿಲ್ಲವೇ ಎಂದು ಕೇಳಿದರು.

ಬರದೆ ಏನು? ದಿನಾ ಬರುತ್ತಿತ್ತು. ಆದರೆ ನಮ್ಮ ಸೀಮೆಯಲ್ಲಿ ಆ ವಾಸನೆ ಇಲ್ಲದ ಹೊತ್ತು ಯಾವುದು? ಮನೆಮನೆಯ ನೀರಿನ ಒಲೆಗೂ ಮಟ್ಟೆಯೇ ಸೌದೆ. ನಮ್ಮ ಮೈಗೂ ಬಟ್ಟೆಗೂ ಅದೇ ಹೊಗೆ. ಯಾರೋ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾರೆ ಅಂದುಕೊಂಡು ನಾನು ಅದರ ಮೇಲೆಯೇ ಎರಡು ತಿಂಗಳು ಓಡಾಡಿದ್ದೆ. ಭಾಯ್ ತಲೆ ಚಚ್ಚಿಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇನ್ನೊಂದು ನಾಕು ದಿನ ಬುಟ್ಟಿದ್ರೆ ಬೆಂಕಿ ಹತ್ಕೊಳ್ತಿತ್ತು," ಎಂದರು.

ತಗಡು ತಟ್ಟಿ, ಹೊಸ ಬೋಲ್ಟು ಹಾಕಲು ಅರ್ಧ ಗಂಟೆ ಹಿಡಿಯಿತು. ಸ್ಟಾರ್ಟ್ ಮಾಡಿದರೆ ಗಾಡಿ ಹೊಸದರ ಹಾಗೆ ಮೆತ್ತಗೆ ಗುರ್ ಎಂದಿತು. ನನಗೆ ನಗು ಬಂತು, ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣಲ್ಲಿ ನೀರೂ ಬಂತು. ಎದೆಯ ಮೇಲಿನ ಬಂಡೆ ಇಳಿದ ಹಾಗಾಗಿ ವಾಪಸು ಬರುವಾಗ ಹಾಡು ಹಾಕದೆ ಬರೀ ಇಂಜಿನ್ ಸದ್ದನ್ನೇ ಕೇಳುತ್ತ ಬಂದೆ.

ಅರ್ಧ ದಾರಿಯಲ್ಲಿ ಒಂದು ಯೋಚನೆ ಬಂದು ಆ ಖುಷಿಗೆ ಕಲ್ಲು ಬಿತ್ತು. ಕೆರೆಯಂಗಳದಲ್ಲಿ ಮಟ್ಟೆ ಎಲ್ಲಿಂದ ಬರಬೇಕು? ಅಲ್ಲಿರುವುದು ಗೋಡು, ಜಾಲಿ ಮುಳ್ಳು. ಮಟ್ಟೆ ಇದ್ದದ್ದು ನನ್ನ ತೋಟದಲ್ಲಿ. ತಮ್ಮ ಬಂದು ಗಾಡಿ ಕೇಳುವುದಕ್ಕೆ ಎಂಟು ದಿನ ಮುಂಚೆ ಬೋರಿನ ಪೈಪು ಒಡೆದು ತೋಟದ ದಾರಿ ಕೆಸರಾಗಿ ಗಾಡಿ ಹೂತುಕೊಂಡಿತ್ತು. ಚಕ್ರದ ಅಡಿಗೆ ರಾಶಿ ಮಟ್ಟೆ ಹಾಕಿ, ಹಿಂದೆ ಮುಂದೆ ಎಳೆದಾಡಿ ಹತ್ತಿಸಿದವನು ನಾನೇ. ತಮ್ಮನದು ಇದರಲ್ಲಿ ಏನೂ ಇರಲಿಲ್ಲ.

ಹೆಂಡತಿಗೆ ಎಲ್ಲ ಹೇಳಿದೆ. ಸಂಜೆ ಅವನ ಮನೆಗೆ ಹೋಗಿ ಸಮಾಧಾನ ಮಾಡಿ ಬರುತ್ತೇನೆ ಎಂದೆ. ಅವಳು ಮೊರದಲ್ಲಿನ ಅಕ್ಕಿಯಿಂದ ತಲೆ ಎತ್ತಲಿಲ್ಲ.

"ಬೈದಿದ್ದು ಹೋಟ್ಲಲ್ಲಿ. ಹೇಳೋದೂ ಅಲ್ಲೇ ಹೇಳಿ."

ಮಾರನೆಯ ಬೆಳಗ್ಗೆ ಹೋಗಿ ಗಾಡಿಯನ್ನು ಹೋಟೆಲಿನ ಮುಂದೆ ನಿಲ್ಲಿಸಿದೆ. ತಮ್ಮ ಮೂಲೆಯ ಬೆಂಚಿನಲ್ಲಿದ್ದ. ನಾನು ನಿಂತುಕೊಂಡೇ, ಎಲ್ಲರಿಗೂ ಕೇಳುವ ಹಾಗೆ, ಇಂಜಿನ್‌ಗೆ ಏನೂ ಆಗಿಲ್ಲ ಅಂತ ಭಾಯ್ ಕಿವಿಯಿಟ್ಟು ಕೇಳಿ ಹೇಳಿದರು, ಮಟ್ಟೆ ಸಿಕ್ಕಿಸಿಕೊಂಡವನು ನಾನೇ, ತಪ್ಪು ನನ್ನದು ಎಂದೆ. ಇನ್ನು ಮೇಲೆ ಅಟ್ಟದ ಕಾಯಿಗೂ ಭಾಯ್ ಅವರನ್ನೇ ಕರೆಸೋಣ ಎಂದು ಯಾರೋ ರೇಗಿಸಿದರು. ತಮ್ಮ ನಗಲಿಲ್ಲ. ಲೋಟ ನೋಡುತ್ತ ಮೆಲ್ಲಗೆ ಹೇಳಿದ.

"ನಾನೇ ಹಾಳು ಮಾಡ್ದೆ ಅನ್ಕಂಡಿದ್ದೆ ಕಣಣ್ಣ. ಆ ಸದ್ದು ಬಂದ್ರೆ ಹೊರಗೆ ಕುಂತ್ಕಳಾಕೆ ಆಯ್ತಿರ್ಲಿಲ್ಲ."

ಅವನು ಕೆನ್ನೆಗೆ ಎರಡು ಬಾರಿಸಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ. ನಾರು ಅರ್ಧ ಸುಟ್ಟಿತ್ತು, ಇನ್ನು ನಾಲ್ಕು ದಿನಕ್ಕೆ ಬೆಂಕಿ ಹತ್ತಿಕೊಳ್ಳುತ್ತಿತ್ತಂತೆ ಎಂದೆ. ತಮ್ಮ ಧಡಕ್ಕನೆ ಎದ್ದು ನಿಂತ.

"ನೀನು ಅದ್ರಲ್ಲೇ ಕುಂತಿದ್ದಲ್ಲಣ್ಣ," ಎಂದ.

ಎರಡು ತಿಂಗಳು ನಾನು ಗಾಡಿಯೊಂದನ್ನು ಬಿಟ್ಟು ಬೇರೆ ಏನನ್ನೂ ಯೋಚಿಸಿರಲಿಲ್ಲ. ಅವನು ಹೋಟೆಲಿನಿಂದ ಇಳಿದು ಹೋಗಿ, ಆಗಷ್ಟೇ ಉಟ್ಟು ಬಂದಿದ್ದ ಬಿಳಿ ಪಂಚೆಯಲ್ಲೇ ರಸ್ತೆಯ ಮೇಲೆ ಅಂಗಾತ ಮಲಗಿದ. ಎಲ್ಲಾದರೂ ಒಂದು ಎಳೆ ನಾರು ಉಳಿದಿದೆಯೇ ಎಂದು ಗಾಡಿಯ ಅಡಿಗೆ ಕೈ ಹಾಕಿ ತಡಕತೊಡಗಿದ.