ಪಟ್ಟಿಯಲ್ಲಿ ಇರಬೇಕಾಗಿದ್ದವಳು

ಎಪ್ಪತ್ತರ ದಶಕದ ಕೊನೆಯಲ್ಲಿ ಬೆಳಗಾವಿಯ ನಮ್ಮ ಕಾಲೇಜು ಹುಡುಗಿಯರ ಕ್ರಿಕೆಟ್ ತಂಡ ಕಟ್ಟಿದಾಗ ಹನ್ನೊಂದು ಜನ ಸಿಗುವುದೇ ಕಷ್ಟವಾಗಿತ್ತು. ನಾನು ಅನಗೋಳದವಳು. ಓಣಿಯಲ್ಲಿ ಆಡುವಾಗ ಅಣ್ಣಂದಿರು ಬಾಲ್ ತಡೆಯಲು ನನ್ನನ್ನೇ ಹಿಂದೆ ನಿಲ್ಲಿಸುತ್ತಿದ್ದರು, ಹಾಗಾಗಿ ವಿಕೆಟ್ ಕೀಪರ್ ಆದೆ. ನನ್ನ ಗೆಳತಿ ಖಾನಾಪುರ ತಾಲೂಕಿನವಳು. ಹಲಸಿಯ ಹತ್ತಿರದ ಹಳ್ಳಿ, ಕುರಿ ಕಾಯುವ ಮನೆತನ. ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದ ಅವಳು ಅಲ್ಲಿಯತನಕ ಕ್ರಿಕೆಟ್ ಬಾಲ್ ಮುಟ್ಟಿದವಳಲ್ಲ.

ಮೊದಲ ದಿನ ಅವಳು ಬೌಂಡರಿಯಿಂದ ಎಸೆದ ಬಾಲ್ ನೇರ ನನ್ನ ಕೈಗೆ ಬಂದು ಬಿದ್ದಾಗ ನಮ್ಮ ಆಟದ ಮೇಡಂ ಸುಮ್ಮನೆ ನಿಂತು ನೋಡಿದರು. ಮರುದಿನದಿಂದಲೇ ಅವಳಿಗೆ ಬೌಲಿಂಗ್ ಕಲಿಸತೊಡಗಿದರು. ಮೊಳಕೈ ಬಗ್ಗಿಸಿ ಎಸೆದರೆ ಅದು ನೋ ಬಾಲ್. ಅದಕ್ಕೇ ಅವಳ ಮೊಳಕೈಗೆ ಮರದ ಅಡಿಪಟ್ಟಿ ಇಟ್ಟು ಬ್ಯಾಂಡೇಜ್ ಸುತ್ತುತ್ತಿದ್ದರು. ನಾಲ್ಕು ತಿಂಗಳು ಹಾಗೆಯೇ ಹಾಕಿದಳು. ಪಟ್ಟಿ ಬಿಚ್ಚಿದ ಮೇಲೂ ಕೈ ಕೋಲಿನಂತೆ ನೆಟ್ಟಗೆ ತಿರುಗುತ್ತಿತ್ತು. ಕೀಪರ್ ಆಗಿ ಅದನ್ನು ನನಗಿಂತ ಹತ್ತಿರದಿಂದ ಕಂಡವರಿಲ್ಲ. ಅವಳ ಬಾಲ್ ಹಿಡಿದ ದಿನ ರಾತ್ರಿ ರೊಟ್ಟಿ ಮುರಿಯಲೂ ನನ್ನ ಬೆರಳು ಬಗ್ಗುತ್ತಿರಲಿಲ್ಲ.

ರಾಜ್ಯ ತಂಡದ ಆಯ್ಕೆಗೆ ಮೇಡಂ ನಮ್ಮಿಬ್ಬರನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದರು. ಆ ತಂಡದಲ್ಲಿ ಆಡಿದವರಿಗೇ ಮುಂದೆ ದೇಶದ ತಂಡದ ದಾರಿ. ದಾರಿಯಲ್ಲಿ ಲೋಂಡಾದಲ್ಲಿ ರೈಲು ಬಹಳ ಹೊತ್ತು ನಿಂತಿತು. ಅವಳು ಕಿಟಕಿಗೆ ಹಣೆ ಹಚ್ಚಿ, "ಆಯ್ಕಿ ಆದ್ರ ನಮ್ಮಪ್ಪ ಮದುವಿ ಮಾತು ಒಂದ್ ವರ್ಷ ತಡೀತಾನಂತ. ಹೇಳಿ ಕಳಸ್ಯಾನ" ಎಂದಳು.

ಮೈದಾನದಲ್ಲಿ ಎಪ್ಪತ್ತು ಎಂಬತ್ತು ಹುಡುಗಿಯರಿದ್ದರು. ಬಹಳ ಮಂದಿಗೆ ಅಲ್ಲಿನವರ ಪರಿಚಯವಿತ್ತು, ಹೆಸರು ಹಿಡಿದು ಕರೆದು ಬಾಲ್ ಕೊಡುತ್ತಿದ್ದರು. ನನ್ನ ಗೆಳತಿಗೆ ಮಧ್ಯಾಹ್ನ ಊಟದ ಹೊತ್ತಿಗೆ ಎರಡು ಓವರ್ ಸಿಕ್ಕಿತು. ಎರಡನೆಯ ಓವರಿನಲ್ಲಿ ಒಬ್ಬಳ ನಡುವಿನ ಸ್ಟಂಪ್ ಕಿತ್ತುಹೋಗಿ ನನ್ನ ಕಾಲ ಹತ್ತಿರ ಬಂದು ಬಿತ್ತು. ಆಯ್ಕೆಗಾರರು ಊಟಕ್ಕೆ ಎದ್ದಿದ್ದರು. ಅವರಲ್ಲಿ ಒಬ್ಬ ಹಿರಿಯರು ಮಾತ್ರ ತಿರುಗಿ ನೋಡಿದರು.

ಸಂಜೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುವಾಗ ಅದೇ ಹಿರಿಯರು ನನ್ನನ್ನು ಕೇಳಿದರು: "ನಿಮ್ಮ ಕಡೆಯ ಆ ಹುಡುಗಿಗೆ ಅಷ್ಟು ವೇಗ ಎಲ್ಲಿಂದ ಬಂತಮ್ಮ?"

ಗೆಳತಿಯನ್ನು ಹೊಗಳಲು ಅವಕಾಶ ಸಿಕ್ಕಿತೆಂದು ನಾನು ಉಬ್ಬಿಹೋದೆ. "ಸಣ್ಣಾಕಿ ಇದ್ದಾಗಿಂದ ಕುರಿ ಕಾಯ್ತಾಳ್ರಿ ಸರ್. ಕವಣಿಲೆ ಕಲ್ಲು ಒಗದು ಒಗದು ಕೈ ಪಳಗೇತ್ರಿ. ಬಾಲೂ ಹಂಗ ಒಗೀತಾಳ್ರಿ!"

ನಮ್ಮ ಮಾತಿನಲ್ಲಿ ಕಲ್ಲು ಎಸೆಯುವುದಕ್ಕೂ ಬಾಲ್ ಹಾಕುವುದಕ್ಕೂ ಒಗೆಯುವುದು ಎಂದೇ ಅನ್ನುತ್ತೇವೆ. ಅವರು ತಲೆಯಾಡಿಸಿ ಕಡತದಲ್ಲಿ ಏನೋ ಬರೆದುಕೊಂಡರು.

ಮರುದಿನ ಓದಿದ ಪಟ್ಟಿಯಲ್ಲಿ ಎರಡನೆಯ ಕೀಪರ್ ಎಂದು ನನ್ನ ಹೆಸರಿತ್ತು. ಅವಳದ್ದಿರಲಿಲ್ಲ. ಅವಳು ನನ್ನ ಕೈ ಹಿಡಿದು ಅಲುಗಾಡಿಸಿ, ನಕ್ಕು, ನೀರು ಕುಡಿಯಲು ಹೋದವಳು ಬಹಳ ಹೊತ್ತು ಬರಲಿಲ್ಲ.

ಮೇಡಂ ಕೇಳಲು ಹೋಗಿ ಮುಖ ಕೆಂಪು ಮಾಡಿಕೊಂಡು ಬಂದರು. ನನ್ನನ್ನು ಬದಿಗೆ ಕರೆದರು. "ಆಕಿ ಕೈ ಬಗ್ಗಿಸಿ ಒಗೀತಾಳಂತ. ಆಕಿ ಜೋಡಿ ಆಡೋರs ಹೇಳ್ಯಾರ ಅಂದ್ರು. ಇನ್ನೊಂದು ಓವರ್ ಹಾಕಸ್ರಿ, ನಿಮ್ಮ ಕಣ್ಣಿಲೆ ನೋಡ್ರಿ ಅಂದೆ. ಪಟ್ಟಿ ಮುಗದೈತಿ ಅಂದ್ರು." ಆಮೇಲೆ, "ಆಕಿಗೆ ಇದನ್ನ ಹೇಳಬ್ಯಾಡ. ನಾಲ್ಕು ತಿಂಗಳು ಕೈ ಕಟ್ಟಿಸ್ಕೊಂಡಾಳ, ಭಾಳ ನೊಂದ್ಕೋತಾಳ" ಎಂದರು.

ಹೇಳಿದವಳು ನಾನೇ ಎಂದು ಮೇಡಂಗೆ ಹೇಳಲಿಲ್ಲ. ಆ ಹಿರಿಯರ ಬಳಿ ಹೋಗಿ, ನನ್ನ ಮಾತಿನ ಅರ್ಥ ಅದಲ್ಲ ಎಂದೂ ಹೇಳಲಿಲ್ಲ. ಹೇಳಿದರೆ ನನ್ನ ಹೆಸರೂ ಹೊಡೆದುಹಾಕಿಯಾರು ಎಂಬ ಹೆದರಿಕೆ ಇತ್ತು. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಆ ವರ್ಷ ನಾನು ತಂಡದ ಜೊತೆ ಮೂರು ಊರು ತಿರುಗಿದೆ. ಒಂದು ಪಂದ್ಯದಲ್ಲೂ ಆಡಲಿಲ್ಲ. ನಮ್ಮ ಬೌಲರುಗಳು ಹೊಡೆಸಿಕೊಳ್ಳುವುದನ್ನು ಹೊರಗೆ ಕೂತು ನೋಡುತ್ತಿದ್ದೆ. ಅವಳ ಮದುವೆ ಆ ಬೇಸಿಗೆಯಲ್ಲೇ ಆಯಿತು. ಓದೂ ಅಲ್ಲಿಗೇ ನಿಂತಿತು.

ಎಂಬತ್ತರ ದಶಕದ ನಡುವಿನಲ್ಲಿ, ಬ್ಯಾಂಕಿನ ಕೆಲಸಕ್ಕೆಂದು ಖಾನಾಪುರಕ್ಕೆ ಹೋದಾಗ ವಿಳಾಸ ಕೇಳಿಕೊಂಡು ಅವಳಿದ್ದಲ್ಲಿಗೆ ಹೋದೆ. ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. "ಬಾ, ಕುಂದರು" ಎಂದು ಚಾಪೆ ಹಾಸಿದಳು. ಮಕ್ಕಳು ಉಪ್ಪಿಟ್ಟು ತಿನ್ನುತ್ತಿದ್ದವು. ನಾನು ಚಹಾ ಕುಡಿಯುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ, ನನ್ನ ಮಾತು, ಅವರು ಬರೆದುಕೊಂಡದ್ದು, ಮೇಡಂ ಮುಚ್ಚಿಟ್ಟದ್ದು.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಅವತ್ತ ನಾ ಛಲೋ ಹಾಕಿರ್ಲಿಲ್ಲ, ಅದಕ್ಕ ತಗೊಳ್ಳಿಲ್ಲ ಅಂತ ತಿಳ್ಕೊಂಡಿದ್ದೆ" ಎಂದಳು ನಿಧಾನವಾಗಿ. "ಇಷ್ಟು ವರ್ಷ ಅದs ವಿಚಾರ. ಇನ್ನೊಂದೀಟು ಜೋರ್ ಹಾಕಬೇಕಿತ್ತೇನೋ, ಓಟ ಸಣ್ಣದಾತೇನೋ ಅಂತ." ನನ್ನ ಕಡೆ ನೋಡಿದಳು. "ಹಂಗಾರ ನಾ ಛಲೋ ಹಾಕಿದ್ನೇನು?"

"ಖರೇನ ಛಲೋ ಹಾಕಿದ್ದಿ. ಅಲ್ಲಿದ್ದೋರೆಲ್ಲಾರ್ಗಿಂತ" ಎಂದೆ.

ಒಂದು ಮಗು ತಟ್ಟೆ ಚೆಲ್ಲಿ ಅಳತೊಡಗಿತು. ಅವಳು ಎದ್ದುಹೋಗಿ ಅದರ ಕೈಬಾಯಿ ಒರೆಸಿದಳು.